ತರಗತಿಗೊಂದು ವಿಕಿ: ಊರ ಕೆರೆಯಿಂದ ಆರಂಭಿಸುವುದು ಹೇಗೆ?

ಹಲವರು ಸೇರಿ ಒಂದೇ ಪುಟವನ್ನು ಬರೆದು, ತಿದ್ದಿ, ಬೆಳೆಸಬಹುದಾದ ಜಾಲತಾಣವೇ ವಿಕಿ. ಅಮೆರಿಕದ ವಾರ್ಡ್ ಕನ್ನಿಂಗ್‌ಹ್ಯಾಮ್ 1995ರಲ್ಲಿ ಮೊದಲ ವಿಕಿಯನ್ನು ಆರಂಭಿಸಿದರು. 2001ರಲ್ಲಿ ಬಂದ ವಿಕಿಪೀಡಿಯ ಅದನ್ನು ಮನೆಮಾತಾಗಿಸಿತು. 2003ರಲ್ಲಿ ಅದರ ಕನ್ನಡ ಆವೃತ್ತಿಯೂ ಶುರುವಾಯಿತು. ನಮ್ಮ ರಾಜ್ಯದ ಸರ್ಕಾರಿ ಶಾಲಾ ಶಿಕ್ಷಕರು ಕೈಜೋಡಿಸಿ ಬೆಳೆಸಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣವೂ ವಿಕಿ ತಂತ್ರಾಂಶದ ಮೇಲೆಯೇ ನಿಂತಿದೆ. ಹಾಗಾಗಿ ಓದುಗರಾಗಿ ಶಿಕ್ಷಕರಿಗೆ ವಿಕಿ ಹೊಸದಲ್ಲ, ಆದರೆ ಮಕ್ಕಳಿಂದ ಬರೆಸುವುದು ಬೇರೆಯೇ ಕೆಲಸ. ಕೋಲಾರ ಜಿಲ್ಲೆಯ ಪ್ರೌಢಶಾಲೆಯೊಂದರ ಎಂಟನೇ ಅಥವಾ ಒಂಬತ್ತನೇ ತರಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಅದರ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ವಿಷಯದ ಆಯ್ಕೆ

ಪಠ್ಯಪುಸ್ತಕದಲ್ಲಿ ಈಗಾಗಲೇ ಇರುವ ವಿಷಯವನ್ನು ಕೊಟ್ಟರೆ ಮಕ್ಕಳು ನಕಲು ಮಾಡುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಎಲ್ಲಿಯೂ ಸಿದ್ಧವಾಗಿ ಸಿಗದ, ಆದರೆ ಊರಲ್ಲಿ ನಾಲ್ಕು ಜನರನ್ನು ಕೇಳಿದರೆ ಸಿಗುವ ವಿಷಯ ಬೇಕು. ವರ್ಷವಿಡೀ ಹರಿಯುವ ನದಿಯಿಲ್ಲದೆ ಕೆರೆಗಳನ್ನೇ ನಂಬಿ ಬಾಳಿದ ಈ ಜಿಲ್ಲೆಯಲ್ಲಿ ಊರ ಕೆರೆಗಿಂತ ಒಳ್ಳೆಯ ವಿಷಯವನ್ನು ಹುಡುಕುವುದು ಕಷ್ಟ. ಏರಿ (ಕೆರೆಯ ಕಟ್ಟೆ), ತೂಬು (ನೀರು ಬಿಡುವ ಕಿಂಡಿ), ಕೋಡಿ (ತುಂಬಿದ ನೀರು ಹೊರಹರಿಯುವ ಜಾಗ), ರಾಜಕಾಲುವೆ (ಕೆರೆಗೆ ನೀರು ತರುವ ದೊಡ್ಡ ಕಾಲುವೆ), ಅಚ್ಚುಕಟ್ಟು (ಕೆರೆಯ ನೀರುಣ್ಣುವ ಜಮೀನು), ನೀರಗಂಟಿ (ಗದ್ದೆಗಳಿಗೆ ನೀರು ಹಂಚುವವರು) ಎಂದು ಅದು ತಾನಾಗಿಯೇ ಬೇರೆ ಬೇರೆ ಪುಟಗಳಾಗಿ ಒಡೆಯುತ್ತದೆ. ನಾಲ್ಕೈದು ಮಕ್ಕಳ ಒಂದೊಂದು ಗುಂಪಿಗೆ ಒಂದೊಂದು ಪುಟವನ್ನು ಹಂಚಬಹುದು. ಇಡೀ ತರಗತಿಗೆ ಒಂದೇ ಪುಟವನ್ನು ಕೊಡುವುದು ಮಾತ್ರ ಬೇಡ. ಅದಕ್ಕೆ ಕಾರಣ ಮುಂದೆ ಬರುತ್ತದೆ.

ಎಲ್ಲಿ ಬರೆಸಬೇಕು?

ನೇರವಾಗಿ ವಿಕಿಪೀಡಿಯದಲ್ಲೇ ಬರೆಸುವ ಆಸೆ ಸಹಜ, ಆದರೆ ಆರಂಭಕ್ಕೆ ಅದು ತಕ್ಕ ಜಾಗವಲ್ಲ. ಈಗಾಗಲೇ ಪ್ರಕಟವಾದ ಆಕರಗಳ ಆಧಾರವಿರುವ ಮಾಹಿತಿಯನ್ನು ಮಾತ್ರ ವಿಕಿಪೀಡಿಯ ಒಪ್ಪುತ್ತದೆ. ಅಜ್ಜಿಯನ್ನು ಕೇಳಿ ಬರೆದುಕೊಂಡ ಕೆರೆಯ ಕಥೆಯನ್ನು ಅಲ್ಲಿನ ಸಂಪಾದಕರು ನಿಯಮದ ಪ್ರಕಾರವೇ ತೆಗೆದುಹಾಕುತ್ತಾರೆ. ಮೊದಲ ಸಲ ಬರೆದ ಮಗುವಿಗೆ ಆ ನಿಯಮದ ನ್ಯಾಯ ಅರ್ಥವಾಗುವುದಿಲ್ಲ.

ಶಾಲೆಯೊಳಗೇ ಇರುವ ವಿಕಿ ಲೇಸು. ಡೋಕುವಿಕಿ ಎಂಬ ಉಚಿತ ತಂತ್ರಾಂಶ ಇದಕ್ಕೆ ಹೊಂದುತ್ತದೆ. ಅದಕ್ಕೆ ಪ್ರತ್ಯೇಕ ಡೇಟಾಬೇಸ್ ಬೇಡ, ಪ್ರತಿ ಪುಟವೂ ಸಾದಾ ಪಠ್ಯದ ಕಡತವಾಗಿ ಉಳಿಯುತ್ತದೆ. ಕಂಪ್ಯೂಟರ್ ಪ್ರಯೋಗಾಲಯದ ಒಂದು ಯಂತ್ರದಲ್ಲಿ ಪುಟಗಳನ್ನು ಒದಗಿಸುವ ವೆಬ್ ಸರ್ವರ್ ತಂತ್ರಾಂಶ ಮತ್ತು ಡೋಕುವಿಕಿ ನಡೆಯಲು ಬೇಕಾದ ಪಿಎಚ್‌ಪಿ ಎಂಬ ತಂತ್ರಾಂಶದೊಂದಿಗೆ ಅದನ್ನು ಸ್ಥಾಪಿಸಿದರೆ, ಅದೇ ಜಾಲಕ್ಕೆ ಸೇರಿದ ಉಳಿದ ಯಂತ್ರಗಳ ಬ್ರೌಸರ್‌ನಲ್ಲಿ ಅಂತರ್ಜಾಲದ ಸಂಪರ್ಕವಿಲ್ಲದೆಯೂ ತೆರೆಯಬಹುದು. ವಿಂಡೋಸ್ ಯಂತ್ರದಲ್ಲಿ ಪೆನ್‌ಡ್ರೈವ್‌ನಿಂದಲೇ ನಡೆಸಬಹುದಾದ ಆವೃತ್ತಿಯೂ ಇದೆ. ಶಿಕ್ಷಕರು ಮೊದಲು ಅದನ್ನು ಮನೆಯಲ್ಲಿ ಪ್ರಯೋಗಿಸಿ ನೋಡುವುದು ಒಳ್ಳೆಯದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಆವೃತ್ತಿಯಲ್ಲಿ, ಯುನಿಕೋಡ್ (ಎಲ್ಲ ಯಂತ್ರಗಳಿಗೂ ಸಮಾನವಾದ ಅಕ್ಷರ ಸಂಕೇತ) ಅಲ್ಲದ ಅಕ್ಷರಗಳಲ್ಲಿ ಟೈಪ್ ಮಾಡಿದ ಕಡತವನ್ನು ವಿಕಿಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಮತ್ತು ಚಿಹ್ನೆಗಳು ಕಾಣಿಸಿಕೊಳ್ಳುತ್ತವೆ. ಅಂಥದ್ದನ್ನು ಪರಿವರ್ತಕದ ಮೂಲಕ ಯುನಿಕೋಡ್‌ಗೆ ಬದಲಿಸಿಯೇ ಹಾಕಬೇಕು, ಮಕ್ಕಳಿಗೆ ಮೊದಲ ದಿನದಿಂದಲೇ ಯುನಿಕೋಡ್ ಕೀಲಿಮಣೆಯನ್ನೇ ಕೊಡಬೇಕು.

ಖಾತೆಗಳು

ನೋಂದಾಯಿಸದವರು ತಿದ್ದುವ ಅವಕಾಶವನ್ನು ಮೊದಲೇ ಮುಚ್ಚಿ, ಪ್ರತಿ ವಿದ್ಯಾರ್ಥಿಗೂ ಪ್ರತ್ಯೇಕ ಖಾತೆ ತೆರೆಯಿರಿ. ಗುಂಪಿಗೊಂದೇ ಖಾತೆ ಕೊಟ್ಟರೆ ಯಾರು ಏನು ಬರೆದರೆಂಬುದು ಕೊನೆಗೂ ತಿಳಿಯುವುದಿಲ್ಲ. ಹೆಸರಿನ ಬದಲು ತರಗತಿ ಮತ್ತು ಹಾಜರಿ ಸಂಖ್ಯೆಯನ್ನು ಬಳಸುವುದು ಕ್ಷೇಮ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಹದಿನೆಂಟು ವರ್ಷದೊಳಗಿನವರನ್ನೆಲ್ಲ ಮಕ್ಕಳೆಂದೇ ಪರಿಗಣಿಸುವುದರಿಂದ, ವಿಕಿಯನ್ನು ಮುಂದೆಂದಾದರೂ ಹೊರಗಿನವರಿಗೆ ತೆರೆಯುವ ಯೋಚನೆಯಿದ್ದರೆ ಮುಖ್ಯ ಶಿಕ್ಷಕರ ಅನುಮತಿಯ ಜೊತೆಗೆ ಪೋಷಕರ ಲಿಖಿತ ಒಪ್ಪಿಗೆಯನ್ನೂ ಈಗಲೇ ಪಡೆದಿಟ್ಟುಕೊಳ್ಳುವುದು ಜಾಣತನ.

ಮೊದಲ ಅವಧಿಗಳು

ತಂತ್ರವನ್ನು ಕಲಿಸಲು ಹೆಚ್ಚು ಹೊತ್ತು ಬೇಡ. ತಲೆಬರಹ ಹಾಕುವುದು, ಪುಟವನ್ನು ಉಳಿಸುವುದು, ಎರಡು ಜೋಡಿ ಚೌಕ ಆವರಣಗಳ ನಡುವೆ [[ತೂಬು]] ಎಂದು ಬರೆದು ಕೊಂಡಿ ಕೊಡುವುದು, ಇಷ್ಟು ಬಂದರೆ ಸಾಕು. ಇನ್ನೂ ಬರೆಯದ ಪುಟದ ಕೊಂಡಿ ಕೆಂಪಾಗಿ ಕಾಣುತ್ತದೆ; ‘ಕೋಡಿ’ ಗುಂಪಿನವರು ತಮ್ಮ ಬರಹದ ನಡುವೆ [[ರಾಜಕಾಲುವೆ]] ಎಂದು ಹಾಕಿ ಅದು ಕೆಂಪಾದರೆ, ಆ ಪುಟದವರಿಗೆ ಕೆಲಸ ಬಾಕಿ ಇದೆಯೆಂದು ಯಾರೂ ಹೇಳಬೇಕಾಗಿಲ್ಲ.

ಒಬ್ಬರು ಪುಟವನ್ನು ತಿದ್ದಲು ತೆರೆದಾಗ ಡೋಕುವಿಕಿ ಆ ಪುಟಕ್ಕೆ ಬೀಗ ಹಾಕುತ್ತದೆ. ಈ ಬೀಗದ ಅವಧಿಯನ್ನು ಮೊದಲೇ ಹದಿನೈದು ನಿಮಿಷಕ್ಕೆ ನಿಗದಿಪಡಿಸಿರುತ್ತಾರೆ. ನಲವತ್ತು ನಿಮಿಷದ ಅವಧಿಯಲ್ಲಿ ಒಬ್ಬ ಹುಡುಗ ಪುಟ ತೆರೆದು ಸುಮ್ಮನೆ ಕುಳಿತರೆ ಉಳಿದವರೆಲ್ಲ ಕಾಯಬೇಕಾದೀತು. ಎಲ್ಲರಿಗೂ ಒಂದೇ ಪುಟ ಬೇಡವೆಂದದ್ದು ಇದಕ್ಕೇ. ಮೊದಲು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದು ಟೈಪ್ ಮಾಡುವ ರೂಢಿಯಿದ್ದರೆ ತೊಂದರೆ ಕಡಿಮೆಯಾಗುತ್ತದೆ, ಕರೆಂಟು ಹೋದ ದಿನವೂ ಕೆಲಸ ನಿಲ್ಲುವುದಿಲ್ಲ.

ಜಗಳವೇ ಪಾಠ

ಮೊದಲ ವಾರದಲ್ಲೇ “ಮಿಸ್, ನಾನು ಬರೆದಿದ್ದನ್ನ ಅವನು ಅಳಿಸ್ಬಿಟ್ಟ” ಎಂಬ ದೂರು ಬರುತ್ತದೆ. ಇದಕ್ಕೆ ಬೈಯುವುದು ಬೇಡ. ವಿಕಿಯಲ್ಲಿ ಅಳಿಸಿದ್ದು ಹೋಗುವುದಿಲ್ಲ. ಹಳೆಯ ಆವೃತ್ತಿಗಳ ಪಟ್ಟಿಯನ್ನು ತೆರೆದು ಎರಡನ್ನು ಪಕ್ಕಪಕ್ಕದಲ್ಲಿ ಹೋಲಿಸಿದರೆ ಏನು ಸೇರಿತು, ಏನು ಹೋಯಿತು, ಯಾವ ಖಾತೆಯಿಂದ, ಯಾವ ಹೊತ್ತಿನಲ್ಲಿ ಎಂಬುದೆಲ್ಲ ಕಾಣುತ್ತದೆ. ಬೇಕಾದ ಆವೃತ್ತಿಯನ್ನು ಮರಳಿ ತರಬಹುದು. ಇಡೀ ತರಗತಿಯ ಮುಂದೆ ಒಮ್ಮೆ ಹೀಗೆ ತೋರಿಸಿದರೆ ಸಾಕು. ಪ್ರತಿ ಬದಲಾವಣೆಗೂ ಕಾರಣವನ್ನು ಸಾರಾಂಶದ ಚೌಕದಲ್ಲಿ ಒಂದು ಸಾಲಿನಲ್ಲಿ ಬರೆಯಬೇಕೆಂಬ ನಿಯಮವನ್ನು ಆಗಲೇ ಮಾಡಿ. ವಿಕಿಯ ನಿಜವಾದ ಪ್ರಯೋಜನ ಈ ಇತಿಹಾಸದ ಪಟ್ಟಿಯಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಅಂದವಾದ ಪುಟವನ್ನಷ್ಟೇ ಬಯಸುವವರಿಗೆ ಚಾರ್ಟ್ ಹಾಳೆಯೇ ಸಾಕು.

ಮಾಹಿತಿಯ ಬಗ್ಗೆಯೂ ಭಿನ್ನಾಭಿಪ್ರಾಯ ಬರುತ್ತದೆ. ಕೆರೆ ಕೊನೆಯ ಸಲ ಕೋಡಿ ಬಿದ್ದದ್ದು ಯಾವಾಗ ಎಂದು ಕೇಳಿದರೆ ಒಬ್ಬ ಹಿರಿಯರು ಒಂದು ವರ್ಷ ಹೇಳುತ್ತಾರೆ, ಪಕ್ಕದ ಬೀದಿಯವರು ಇನ್ನೊಂದು. ಒಂದನ್ನು ಅಳಿಸಿ ಇನ್ನೊಂದನ್ನು ಉಳಿಸುವ ಬದಲು ಯಾರು ಏನು ಹೇಳಿದರೆಂದು ಎರಡನ್ನೂ ದಾಖಲಿಸಲು ಕಲಿಸಿ. ಹಲವು ಮನೆಗಳಲ್ಲಿ ಈ ಮಾತು ತೆಲುಗಿನಲ್ಲಿ ಬರುತ್ತದೆ. ಮಕ್ಕಳು ಅದನ್ನು ಕನ್ನಡದಲ್ಲಿ ಬರೆಯಲಿ, ಅಡ್ಡಿಯಿಲ್ಲ.

ಇದಕ್ಕಿಂತ ಗಟ್ಟಿಯಾದ ಪರೀಕ್ಷೆ ಕೆಸಿ ವ್ಯಾಲಿ ನೀರು. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಸಂಸ್ಕರಿಸಿ, ಅಂತರ್ಜಲ ಹೆಚ್ಚಿಸುವ ಉದ್ದೇಶದಿಂದ 2018ರಿಂದ ಈ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಕೊಳವೆಬಾವಿಗೆ ನೀರು ಬಂತೆಂದು ಸಂತೋಷಪಡುವ ರೈತರೂ ಇದ್ದಾರೆ, ಮೂರನೇ ಹಂತದ ಶುದ್ಧೀಕರಣ ಆಗಲೇಬೇಕೆಂದು ಒತ್ತಾಯಿಸುವವರೂ ಇದ್ದಾರೆ. ‘ಈ ನೀರು ಒಳ್ಳೆಯದು’, ‘ಈ ನೀರು ವಿಷ’ ಎಂಬ ಎರಡು ವಾಕ್ಯಗಳೂ ಪುಟದಲ್ಲಿ ನಿಲ್ಲಬಾರದು. ಅವುಗಳ ಜಾಗದಲ್ಲಿ ಏನು ಬರೆಯಬೇಕೆಂದು ಮಕ್ಕಳೇ ಚರ್ಚಿಸಲಿ. ಈ ಚರ್ಚೆಗೆ ಒಂದು ಪೂರ್ತಿ ಅವಧಿಯನ್ನು ಕೊಟ್ಟರೂ ನಷ್ಟವಿಲ್ಲ.

ಲಿಖಿತ ಆಕರ ಬೇಕಾದವರಿಗೆ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನಗಳ ಸಂಪುಟಮಾಲೆಯ ಹತ್ತನೇ ಸಂಪುಟವಿದೆ. ಅದರಲ್ಲಿರುವುದು ಅಂದಿನ ಕೋಲಾರ ಜಿಲ್ಲೆಯ ಶಾಸನಗಳು. 2007ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಚಿಕ್ಕಬಳ್ಳಾಪುರದ ಊರುಗಳೂ ಅದರಲ್ಲೇ ಸೇರಿವೆ. ಊರ ಕೆರೆಯ ಉಲ್ಲೇಖ ಅದರಲ್ಲಿ ಸಿಕ್ಕರೆ ಅದೃಷ್ಟ.

ಅಂಕ ಕೊಡುವುದು

ರೂಪಣಾತ್ಮಕ ಮೌಲ್ಯಮಾಪನದ ಯೋಜನಾ ಕಾರ್ಯವಾಗಿ ಇದನ್ನು ಪರಿಗಣಿಸಬಹುದು. ಎಷ್ಟು ಸಾಲು ಬರೆದರೆಂದು ಎಣಿಸಬೇಡಿ, ಹಾಗೆ ಎಣಿಸಿದರೆ ಬೇಡದ ಸಾಲುಗಳು ಬೆಳೆಯುತ್ತವೆ. ಬೇರೆ ಗುಂಪಿನ ಪುಟದಲ್ಲಿ ಕಾಗುಣಿತ ತಿದ್ದಿದ್ದು, ಮಾಹಿತಿ ಕೊಟ್ಟವರು ಯಾರೆಂದು ಸೇರಿಸಿದ್ದು, ಬದಲಾವಣೆಗೆ ಸರಿಯಾದ ಕಾರಣ ಬರೆದದ್ದು, ಇವೆಲ್ಲಕ್ಕೂ ಅಂಕವಿರಲಿ. ಟೈಪ್ ಮಾಡಲು ಬಾರದೆ ಹಿರಿಯರನ್ನು ಮಾತಾಡಿಸಿ ಬಂದ ಮಗುವಿನ ಕೆಲಸ ಖಾತೆಯ ಪಟ್ಟಿಯಲ್ಲಿ ಕಾಣುವುದಿಲ್ಲ. ಅದನ್ನು ನೋಟ್‌ಬುಕ್ಕಿನಲ್ಲಿ ನೋಡಬೇಕು.

ವರ್ಷದ ಕೊನೆಗೆ

ಪರೀಕ್ಷೆಗೆ ಮುನ್ನ ತಿದ್ದುವ ಹಕ್ಕನ್ನು ನಿಲ್ಲಿಸಿ, ಡೋಕುವಿಕಿಯ ಕಡತಕೋಶವನ್ನು ಪೂರ್ತಿಯಾಗಿ ಎರಡು ಪೆನ್‌ಡ್ರೈವ್‌ಗಳಿಗೆ ನಕಲು ಮಾಡಿ, ಒಂದನ್ನು ಮುಖ್ಯ ಶಿಕ್ಷಕರ ಬೀರುವಿನಲ್ಲಿಡಿ. ಪ್ರಕಟಿತ ಆಕರವಿರುವ ಭಾಗಗಳನ್ನು ಈಗ ಬೇಕಿದ್ದರೆ ಕನ್ನಡ ವಿಕಿಪೀಡಿಯಕ್ಕೆ ಸೇರಿಸಬಹುದು. ಅಲ್ಲಿ ಹಾಕಿದ ಬರಹವನ್ನು ಮೂಲ ಲೇಖಕರನ್ನು ಉಲ್ಲೇಖಿಸಿ ಯಾರು ಬೇಕಾದರೂ ಮರುಬಳಸಬಹುದೆಂಬುದನ್ನು ಮಕ್ಕಳಿಗೂ ಪೋಷಕರಿಗೂ ಮೊದಲೇ ತಿಳಿಸಿ. ನಿರ್ವಾಹಕ ಖಾತೆಯ ಗುಪ್ತಪದವನ್ನು ಇನ್ನೊಬ್ಬ ಶಿಕ್ಷಕರಿಗೂ ಕೊಟ್ಟಿರಬೇಕು, ಇಲ್ಲವಾದರೆ ನಿಮಗೆ ವರ್ಗಾವಣೆಯಾದ ದಿನವೇ ವಿಕಿಯೂ ನಿಂತುಹೋಗುತ್ತದೆ.