ಹರಿವೆಯ ಬುಡ ಹಿಡಿದು ಗಿಡದ ಪಾಠ

ಒಂದನೇ, ಎರಡನೇ ತರಗತಿಯ ಮಕ್ಕಳಿಗೆ ಗಿಡದ ಭಾಗಗಳನ್ನು ಕಲಿಸುವಾಗ ನಾನು ಗೋಡೆಯ ಚಾರ್ಟಿಗೆ ಹೋಗುವುದು ಕೊನೆಗೆ. ಮೊದಲು ಮಕ್ಕಳ ಕೈಗೆ ಬರಬೇಕಾದದ್ದು ಬುಡ ಸಮೇತ ಕಿತ್ತ ಕೆಂಪು ಹರಿವೆ. ಬಿತ್ತಿ ಒಂದು ತಿಂಗಳಾದ, ಒಂದಡಿ ಎತ್ತರದ ಗಿಡ ಸಾಕು; ನಾಲ್ಕು ಮಕ್ಕಳಿಗೆ ಒಂದು.

ಕೀಳುವಾಗಲೇ ಅರ್ಧ ಪಾಠ ಹಾಳಾಗುವುದುಂಟು. ಉಡುಪಿ ಕಡೆಯ ಮುರಕಲ್ಲಿನ ಮಣ್ಣು ಮಳೆಗಾಲದಲ್ಲಿ ಸಡಿಲ, ಬೇಸಿಗೆಯಲ್ಲಿ ಕಲ್ಲು. ಒಣ ಮಣ್ಣಿನಿಂದ ಎಳೆದರೆ ದಪ್ಪ ಬೇರೊಂದೇ ಕೈಗೆ ಬರುತ್ತದೆ, ನೂಲಿನಂಥ ಎಳೆಬೇರುಗಳೆಲ್ಲ ಮಣ್ಣಲ್ಲೇ ಉಳಿಯುತ್ತವೆ. ನೀರು ಹೀರುವುದೇ ಈ ಎಳೆಬೇರುಗಳ ತುದಿಯ ಭಾಗ. ಹಾಗಾಗಿ ಹಿಂದಿನ ಸಂಜೆ ಬುಡಕ್ಕೆ ಧಾರಾಳ ನೀರು ಹಾಕಿ, ಮರುದಿನ ಗೇಣಗಲ ಬಿಟ್ಟು ಅಗೆದು ಎತ್ತಬೇಕು. ಬಕೆಟ್ ನೀರಿನಲ್ಲಿ ಮೆಲ್ಲ ಅಲುಗಿಸಿ ತೊಳೆಯಿರಿ. ನಲ್ಲಿ ಬಿಟ್ಟರೆ ಎಳೆಬೇರು ಹರಿಯುತ್ತದೆ. ಪಕ್ಕದಲ್ಲಿ ಒಂದು ಹುಲ್ಲಿನ ಬುಡವನ್ನೂ ಇಡಿ. ಹರಿವೆಗೆ ನಡುವೆ ಒಂದು ತಾಯಿಬೇರು, ಹುಲ್ಲಿಗೆ ಬರೀ ಗೊಂಚಲು. ಇದನ್ನು ನೀವು ಹೇಳಬೇಡಿ, ಮಕ್ಕಳೇ ಹೇಳುತ್ತಾರೆ.

ಕಾಂಡದ ಕೆಲಸ ತೋರಿಸಲು ಕರ್ಣಕುಂಡಲದಷ್ಟು ಒಳ್ಳೆಯ ಗಿಡ ನನಗೆ ಸಿಕ್ಕಿಲ್ಲ. ಅದರ ಕಾಂಡದಲ್ಲಿ ಬೆಳಕು ಹಾಯುತ್ತದೆ. ಬಿಳಿ ಹೂವಿನದ್ದನ್ನೇ ಆರಿಸಿ. ಅರ್ಧ ಲೋಟ ನೀರಿಗೆ ಸಿಹಿತಿಂಡಿಗೆ ಹಾಕುವ ಕೆಂಪು ಬಣ್ಣ ಅರ್ಧ ಚಮಚ. ರಂಗೋಲಿ ಪುಡಿ, ಕುಂಕುಮ ಬೇಡ: ಅವು ಕರಗದೆ ತಳಕ್ಕೆ ಕೂರುತ್ತವೆ, ಕಾಂಡಕ್ಕೆ ಏರುವುದಿಲ್ಲ. ಕಾಂಡವನ್ನು ನೀರಿನೊಳಗೇ ಓರೆಯಾಗಿ ಕತ್ತರಿಸಿ, ತಡಮಾಡದೆ ಬಣ್ಣದ ನೀರಿಗೆ ಇಳಿಸಿ. ಹೊರಗೆ ಕತ್ತರಿಸಿದರೆ ನಾಳಗಳಿಗೆ ಗಾಳಿ ಹೊಕ್ಕು ನೀರಿನ ದಾರಿ ಕಟ್ಟುತ್ತದೆ. ಬೆಳಿಗ್ಗೆ ಗಾಳಿ ಬರುವ ಕಿಟಕಿಯಲ್ಲಿಟ್ಟರೆ ಮಧ್ಯಾಹ್ನದೊಳಗೆ ಒಳಗೆ ಕೆಂಪು ಗೆರೆಗಳು ಏರಿರುತ್ತವೆ. ಆಗ ಅಡ್ಡಕ್ಕೆ ಒಂದು ಬಿಲ್ಲೆ ಕೊಯ್ದು ತೋರಿಸಿ: ಅಂಚಿನ ಸುತ್ತ ಕೆಂಪು ಚುಕ್ಕೆಗಳು. ನೀರು ಇಡೀ ಕಾಂಡದಲ್ಲಿ ನೆನೆದು ಏರುವುದಲ್ಲ, ಅದಕ್ಕೆ ಕೊಳವೆಗಳಿವೆ ಎಂಬುದು ಆ ಚುಕ್ಕೆಗಳಲ್ಲಿ ಕಣ್ಣಿಗೇ ಬೀಳುತ್ತದೆ. ಜಡಿಮಳೆಯ ದಿನ ಬಣ್ಣ ಬಹಳ ನಿಧಾನ ಏರುತ್ತದೆ, ಎಲೆಯಿಂದ ನೀರು ಆರದಿದ್ದರೆ ಕೆಳಗಿನಿಂದ ಸೆಳೆತವೂ ಕಡಿಮೆ. ಬಿಸಿಲು ನೋಡಿ ಮಾಡಿ.

ಎಲೆಯಿಂದ ನೀರು ಆರುವುದನ್ನು ತೋರಿಸಲು ದಾಸವಾಳದ ಒಂದು ರೆಂಬೆ ಸಾಕು. ಪಾರದರ್ಶಕ ಪ್ಲಾಸ್ಟಿಕ್ ಚೀಲ ತೊಡಿಸಿ ಬಿಗಿಯಾಗಿ ಕಟ್ಟಿದರೆ ಬಿಸಿಲಲ್ಲಿ ಒಂದೆರಡು ಗಂಟೆಗೆ ಒಳಗೆ ಹನಿ. ಎಲೆ ಒದ್ದೆಯಿರುವಾಗ ಕಟ್ಟಿದರೆ ಅದು ಪುರಾವೆಯಲ್ಲ.

ಬಟಾಟೆಯಲ್ಲಿ ದೊಡ್ಡವರೇ ತಪ್ಪುತ್ತಾರೆ. ಮಣ್ಣಿನೊಳಗಿದ್ದದ್ದೆಲ್ಲ ಬೇರು ಎಂದು ಹೇಳಿಕೊಟ್ಟರೆ ಮುಂದೆ ತಿದ್ದುವುದು ಕಷ್ಟ. ನಾನು ಬಸಳೆ ಬಳ್ಳಿ ಮತ್ತು ಬಟಾಟೆ ಎರಡನ್ನೂ ಒಟ್ಟಿಗೆ ಕೊಡುತ್ತೇನೆ. ಬಸಳೆಯ ಗಂಟಿನಲ್ಲಿ ಚಿಗುರು ಬರುತ್ತದೆ, ಬಟಾಟೆಯ ಕಣ್ಣಿನಲ್ಲೂ ಚಿಗುರು ಬರುತ್ತದೆ, ಎರಡೂ ಕಾಂಡ. ಶುಂಠಿ, ಅರಿಶಿನವೂ ಹಾಗೆಯೇ. ಕ್ಯಾರೆಟ್, ಮೂಲಂಗಿ, ಗೆಣಸು ಬೇರು.

ಕಾಯಿಗೆ ಗುಳ್ಳ ಬದನೆಯನ್ನೋ ಬೆಂಡೆಯನ್ನೋ ಉದ್ದಕ್ಕೆ ಸೀಳಿ. ಗುಳ್ಳದ ತೊಟ್ಟಿನಲ್ಲಿ ಮುಳ್ಳಿದ್ದರೆ ಮೊದಲೇ ಸವರಿ. ಗುಳ್ಳದ ತೊಟ್ಟಿನ ಹಸಿರು ಟೋಪಿ ಮೊಗ್ಗಿದ್ದಾಗ ಹೂವನ್ನು ಮುಚ್ಚಿದ್ದ ಪುಷ್ಪಪಾತ್ರೆಯೇ. ಒಳಗೆ ಬೀಜವಿದೆ, ಆದ್ದರಿಂದ ಸಾಂಬಾರಿಗೆ ಹೋಗುವ ತರಕಾರಿಯಾದರೂ ಗಿಡದ ಲೆಕ್ಕದಲ್ಲಿ ಅದು ಹಣ್ಣು. ಪಾಠ ಮುಗಿದ ಮೇಲೆ ಬಸಳೆಯ ತುಂಡನ್ನು ಎರಡು ಗಂಟು ಮಣ್ಣಿನೊಳಗೆ ಹೋಗುವಂತೆ ಅಂಗಳದ ಬದಿಗೆ ಊರಿ, ಹತ್ತು ದಿನ ಕಳೆದು ಒಂದನ್ನು ಮೆಲ್ಲ ಕಿತ್ತು ನೋಡಿದರೆ ಗಂಟಿನಿಂದ ಹೊಸ ಬೇರು ಇಳಿದಿರುತ್ತದೆ.