ರೋಗಿಗಳನ್ನು ಬೇರೆ ಮಾಡಿದ ಮೇಲೆ ಗೊತ್ತಾದದ್ದು

ಬದಿಯಡ್ಕದ ನಮ್ಮ ಮನೆಯಂಗಳದಲ್ಲಿ ಅಡಿಕೆ ಹರಗುತ್ತಿದ್ದ ಅಪ್ಪ, "ಎದೆ ಒಮ್ಮೆ ನಿಂತು ಮತ್ತೆ ಜೋರು ಹೊಡೀತದೆ ಮಾರಾಯ" ಅಂದರು. ಮಂಗಳೂರಿನ ಡಾಕ್ಟರು ಇಸಿಜಿ ನೋಡಿ, ಹೆದರಬೇಕಾಗಿಲ್ಲ, ನಡುನಡುವೆ ಒಂದು ಬಡಿತ ಅವಸರಕ್ಕೆ ಬರುತ್ತಿದೆ ಅಂದರು.

ಆ ಕಾಗದದ ಮೇಲೆ ನಾನು ಸ್ಕೇಲ್ ಇಟ್ಟೆ. ಒಂದು ಸಣ್ಣ ಚೌಕ ಅಂದ್ರೆ 0.04 ಸೆಕೆಂಡ್. ಬಡಿತದಿಂದ ಬಡಿತಕ್ಕೆ 20 ಚೌಕ. ಒಂದು ಕಡೆ ಮಾತ್ರ 12, ಅದರ ಬೆನ್ನಿಗೆ 28. ಆ ಬಡಿತದ ಗೆರೆಯೂ ಅಗಲ. ಹೃದಯದ ಕೆಳಗಿನ ಕೋಣೆಯಲ್ಲಿ ಹುಟ್ಟಿದ ಬಡಿತದ ಗುರುತು ಅದು.

ಇದನ್ನು ಕಂಪ್ಯೂಟರ್ ಹುಡುಕಬಹುದಲ್ವಾ? ಬಾಸ್ಟನ್‌ನಲ್ಲಿ 1975ರಿಂದ 1979ರವರೆಗೆ ದಾಖಲಿಸಿದ ಎಂಐಟಿ-ಬಿಐಎಚ್ ಎಂಬ ಇಸಿಜಿ ಸಂಗ್ರಹ ಇಳಿಸಿಕೊಂಡೆ. ಅರ್ಧರ್ಧ ಗಂಟೆಯ 48 ಕಡತ, ಪ್ರತಿ ಬಡಿತಕ್ಕೂ ತಜ್ಞರು ಹಾಕಿದ ಗುರುತು. ಗೆರೆಯಲ್ಲಿ ಸೇರಿಕೊಂಡ ಕರೆಂಟಿನ ಗದ್ದಲ ತೆಗೆಯಲು ನಮ್ಮೂರಿನ ಅಭ್ಯಾಸದಲ್ಲಿ 50 ಹರ್ಟ್ಜ್ ಕೊಟ್ಟಿದ್ದೆ. ಅಲ್ಲಿಯದು 60. ಅದನ್ನು ಹುಡುಕಲು ಒಂದು ದಿನ ಹೋಯಿತು. ಬಡಿತದ ತುದಿ ಹಿಡಿಯಲು 1985ರ ಪ್ಯಾನ್-ಟಾಂಪ್ಕಿನ್ಸ್ ವಿಧಾನವೇ ಸಾಕಾಯಿತು: ಗೆರೆಯ ಏರಿಳಿತದ ವೇಗ ತೆಗೆದು ಅದನ್ನು ಅದರಿಂದಲೇ ಗುಣಿಸಿದರೆ ಚೂಪು ತುದಿ ಎದ್ದು ನಿಲ್ಲುತ್ತದೆ.

ಒಂದು ಪಾಲು ಬಡಿತಗಳನ್ನು ತೋರಿಸಿ ಕಂಪ್ಯೂಟರ್ ಮಾದರಿಗೆ ಕಲಿಸಿದೆ, ಇನ್ನೊಂದು ಪಾಲಿನಲ್ಲಿ ಪರೀಕ್ಷೆ ಮಾಡಿದೆ. ಮೊದಲ ಸಲವೇ ಶೇಕಡ 98 ಸರಿ ಬಂತು. ಖುಷಿಯಲ್ಲಿ ಅಪ್ಪನಿಗೂ ಹೇಳಿಬಿಟ್ಟೆ. ಆದರೆ ನಾನು ಎಲ್ಲರ ಬಡಿತಗಳನ್ನು ಕಲಸಿ ಎರಡು ಪಾಲು ಮಾಡಿದ್ದೆ. ಒಬ್ಬನದೇ ಬಡಿತ ಕಲಿಕೆಯಲ್ಲೂ ಇತ್ತು, ಪರೀಕ್ಷೆಯಲ್ಲೂ ಇತ್ತು. ಇಸಿಜಿ ಗೆರೆ ಒಬ್ಬೊಬ್ಬರ ಕೈಬರಹದ ಹಾಗೆ. ಮಾದರಿ ಕಲಿತದ್ದು ಕಾಯಿಲೆಯನ್ನಲ್ಲ, ಆ ಕೈಬರಹವನ್ನು. ಮೇಲಾಗಿ ಹೆಚ್ಚುಕಡಿಮೆ ಶೇಕಡ 90 ಬಡಿತ ಮಾಮೂಲಿಯವೇ. ಸುಮ್ನೆ ಎಲ್ಲವನ್ನೂ ಮಾಮೂಲಿ ಅಂದರೂ ಅಂಕ ಜಾಸ್ತಿ ಬರುತ್ತದೆ.

ಕಲಿಕೆಗೆ ಕೆಲವರು, ಪರೀಕ್ಷೆಗೆ ಉಳಿದವರು ಅಂತ ರೋಗಿಗಳನ್ನೇ ಬೇರೆ ಬೇರೆ ಮಾಡಿದೆ. ಅಪ್ಪನದರಂಥ ಅಗಲ ಬಡಿತಗಳು ಆಗಲೂ ಸಿಕ್ಕಿದವು. ಮೇಲಿನ ಕೋಣೆಯಲ್ಲಿ ಹುಟ್ಟಿದ ಅವಸರದ ಬಡಿತಗಳಲ್ಲಿ ಅರ್ಧವೂ ಸಿಗಲಿಲ್ಲ. ಅವು ಮಾಮೂಲಿ ದಾರಿಯಲ್ಲೇ ಕೆಳಗಿಳಿಯುತ್ತವೆ, ಹಾಗಾಗಿ ಆಕಾರದಲ್ಲಿ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ತಪ್ಪುವುದು ಹೊತ್ತು. ಬಡಿತಗಳ ನಡುವಿನ ಪ್ರತಿ ಅಂತರವನ್ನು ಆ ವ್ಯಕ್ತಿಯದೇ ಸರಾಸರಿಯಿಂದ ಭಾಗಿಸಿ ಕೊಟ್ಟೆ. ಆಮೇಲೆ ಒಂದಷ್ಟು ಕಣ್ಣಿಗೆ ಬಿದ್ದವು.

ಇನ್ನೊಂದು ಉಳಿದಿತ್ತು. ಕಡತ 48, ಜನ 47. 201 ಮತ್ತು 202 ನಂಬರಿನ ಕಡತಗಳು ಒಬ್ಬನವೇ, ನನ್ನ ಹತ್ತಿರ ಅವು ಎರಡು ಪಾಲಿನಲ್ಲಿದ್ದವು. ಎರಡನ್ನೂ ಕಲಿಕೆಯ ಕಡೆಗೆ ಹಾಕಿ ಮತ್ತೆ ಮೊದಲಿನಿಂದ ಓಡಿಸಿದೆ.