ಕನ್ನಡ ಅಂಕಣದಿಂದ ರಿಟ್ ಪ್ರಾಕ್ಟೀಸ್: ನನ್ನ ಅನುಭವ

ಹೈಕೋರ್ಟಿನಲ್ಲಿ ರಿಟ್ ಅರ್ಜಿಗಳನ್ನು, ಅಂದರೆ ಸರ್ಕಾರದ ಕ್ರಮಗಳನ್ನು ಪ್ರಶ್ನಿಸುವ ಅರ್ಜಿಗಳನ್ನು, ನಡೆಸುತ್ತಲೇ ಸಾಂವಿಧಾನಿಕ ತೀರ್ಪುಗಳ ಬಗ್ಗೆ ಕನ್ನಡದಲ್ಲಿ ಅಂಕಣ ಬರೆದರೆ ಎರಡೂ ಕೆಡುತ್ತವೆ ಎಂದು ನನಗೆ ಹೇಳದ ಸೀನಿಯರ್ ಇರಲಿಲ್ಲ. ಸಂವಿಧಾನದ 348ನೇ ವಿಧಿಯಂತೆ ಹೈಕೋರ್ಟಿನ ಕಲಾಪವೆಲ್ಲ ಇಂಗ್ಲಿಷಿನಲ್ಲಿರುವಾಗ ಕನ್ನಡದಲ್ಲಿ ಬರೆದು ಗಿಟ್ಟುವುದೇನು ಎಂಬುದು ಅವರ ವಾದವಾಗಿತ್ತು. ದೊಡ್ಡ ಪೀಠದ ತೀರ್ಪು ಬಂದ ಸಂಜೆ ಈಗ ಅವರಲ್ಲೇ ಒಬ್ಬಿಬ್ಬರು ನನಗೆ ಫೋನ್ ಮಾಡುತ್ತಾರೆ.

ಮೊದಲ ಮೂರ್ನಾಲ್ಕು ವರ್ಷ ಕೈಯಿಂದಲೇ ಹಣ ಹೋಯಿತು. ಅಂಕಣಕ್ಕೆ ಐನೂರರ ಆಸುಪಾಸು ಸಂಭಾವನೆ, ಅದೂ ತಿಂಗಳುಗಟ್ಟಲೆ ತಡವಾಗಿ. ತೀರ್ಪಿನ ಪ್ರಿಂಟಿಗೇ ಅದಕ್ಕಿಂತ ಹೆಚ್ಚು ಬೀಳುತ್ತಿತ್ತು. ಬಾರ್ ಕೌನ್ಸಿಲಿನ 36ನೇ ನಿಯಮ ಜಾಹೀರಾತನ್ನು ನಿಷೇಧಿಸುವುದರಿಂದ ಲೇಖನದಡಿ ಚೇಂಬರಿನ ವಿಳಾಸ ಹಾಕುವಂತೆಯೂ ಇರಲಿಲ್ಲ.

ದಾರಿ ಸಿಕ್ಕಿದ್ದು ರಾಜ್ಯಗಳಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರುವ ಅಧಿಕಾರದ ಕುರಿತ ಬೊಮ್ಮಾಯಿ ಪ್ರಕರಣದಲ್ಲಿ. 1994ರ ಮಾರ್ಚ್ 11ರ ಆ ತೀರ್ಪಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಆರು ಪ್ರತ್ಯೇಕ ಅಭಿಪ್ರಾಯಗಳಿದ್ದು, ಒಬ್ಬರ ಮಾತನ್ನಷ್ಟೇ ಎತ್ತಿ ‘ಸುಪ್ರೀಂ ಕೋರ್ಟ್ ಹೀಗೆಂದಿದೆ’ ಎಂದರೆ ಎದುರು ಪಕ್ಷದ ವಕೀಲರು ನಿಂತಲ್ಲೇ ಮುರಿಯುತ್ತಾರೆ. ನಾನು ಒಂದು ಹಾಳೆಯಲ್ಲಿ ಮೇಲೆ ನ್ಯಾಯಮೂರ್ತಿಗಳ ಹೆಸರನ್ನೂ ಎಡಕ್ಕೆ ವಿವಾದಾಂಶಗಳನ್ನೂ ಬರೆದು, ಆಯಾ ಅಂಶವನ್ನು ಒಪ್ಪಿದವರ ಮನೆ ತುಂಬತೊಡಗಿದೆ. 356ನೇ ವಿಧಿಯಡಿಯ ರಾಷ್ಟ್ರಪತಿ ಆಳ್ವಿಕೆಯ ಘೋಷಣೆ ನ್ಯಾಯಾಂಗ ಪರಿಶೀಲನೆಗೆ ಒಳಪಡುತ್ತದೆ ಎಂಬಲ್ಲಿ ಸಾಲು ತುಂಬುತ್ತದೆ. ಎಷ್ಟರಮಟ್ಟಿಗೆ ಎಂದೊಡನೆ ಅಹ್ಮದಿ, ವರ್ಮಾ ಬೇರೆಯಾಗುತ್ತಾರೆ. ಸಂವಿಧಾನದ ಮೂಲರಚನೆಯನ್ನು ಸಂಸತ್ತು ಬದಲಿಸುವಂತಿಲ್ಲ ಎಂದ ಕೇಶವಾನಂದ ಭಾರತಿ ತೀರ್ಪಿನ 13 ನ್ಯಾಯಮೂರ್ತಿಗಳ 11 ಅಭಿಪ್ರಾಯಗಳಿಗೆ ಹಾಳೆ ಸಾಲದೆ ಅಂಟಿಸಬೇಕಾಯಿತು, ಆದರೆ 7–6ರ ಬಹುಮತದಲ್ಲಿ ನ್ಯಾಯಮೂರ್ತಿ ಖನ್ನಾ ಅವರ ಕಂಬವೇ ಯಾಕೆ ನಿರ್ಣಾಯಕವೆಂಬುದು ಕಣ್ಣಿಗೇ ಕಂಡಿತು. ಯಾವ ಅಭಿಪ್ರಾಯವನ್ನು ಮೊದಲು ಓದುತ್ತೇನೆ ಎಂಬುದನ್ನು ಮಾತ್ರ ಹೇಳುವುದಿಲ್ಲ.

ಇಬ್ಬರ ಪೀಠದ ತೀರ್ಪುಗಳಿಗೂ ಈ ಹಾಳೆಯ ಕ್ರಮವನ್ನು ಹಚ್ಚಿ ನೋಡಿದೆ, ಶುದ್ಧ ದಂಡ. ರಿಟ್ ಅರ್ಜಿಯ ಆಧಾರಗಳನ್ನು ಮೊದಲು ಕನ್ನಡದಲ್ಲಿ ಬರೆದು ನಂತರ ಇಂಗ್ಲಿಷಿನಲ್ಲಿ ಡ್ರಾಫ್ಟ್ ಮಾಡುವ ಪ್ರಯೋಗ ಮಾತ್ರ ಉಳಿಯಿತು, ಏಕೆಂದರೆ ಪೊಳ್ಳು ಆಧಾರ ಕನ್ನಡದಲ್ಲಿ ನಿಲ್ಲುವುದೇ ಇಲ್ಲ.

ಅಂಕಣ ಓದಿ ಬಂದವರು ಕಕ್ಷಿದಾರರಲ್ಲ, ಧಾರವಾಡ ಮತ್ತು ಕಲಬುರಗಿ ಪೀಠಗಳ ವಕೀಲರು. ವಾದಿಸಲು ಅವರು ಒಪ್ಪಿಸುವ ಬ್ರೀಫುಗಳಿಗೆ ಆಗ ತಲಾ ಇಪ್ಪತ್ತು ಸಾವಿರ ಸಿಕ್ಕರೆ ಹೆಚ್ಚು, ಈಗ ಅದರ ಮೂರು ಪಟ್ಟು. ಖಾಸಗಿ ಆಸ್ತಿ ಕುರಿತ 2024ರ ನವೆಂಬರ್ 5ರ ತೀರ್ಪಿನ ಹಾಳೆಗಂತೂ ಪ್ರತಿ ಕೇಳಿದವರೇ ಹೆಚ್ಚು: ಕೆಲವು ಕಾನೂನುಗಳಿಗೆ ಮೂಲಭೂತ ಹಕ್ಕುಗಳ ಪ್ರಶ್ನೆಯಿಂದ ರಕ್ಷಣೆ ಕೊಡುವ 31ಸಿ ವಿಧಿಯ ಸಾಲಿನಲ್ಲಿ ಒಂಬತ್ತೂ ಮನೆ ತುಂಬಿದ್ದವು, ಸಮುದಾಯದ ಭೌತಿಕ ಸಂಪನ್ಮೂಲಗಳ ಹಂಚಿಕೆಯ 39(ಬಿ) ಸಾಲಿನಲ್ಲಿ ಏಳು ತುಂಬಿ, ನಾಗರತ್ನ ಅವರ ಮನೆ ಅರ್ಧವಾಗಿ, ಧುಲಿಯಾ ಅವರದು ಖಾಲಿ ಉಳಿದಿತ್ತು.